ಎರಡು ಬೆರಳು ಸಡಿಲ

ಎಪ್ಪತ್ತೈದನೇ ಇಸವಿಯಲ್ಲಿ ಹಿರಿಯೂರಿನ ಹೊರಗೆ ಕಟ್ಟುತ್ತಿದ್ದ ನೂಲಿನ ಗಿರಣಿಯಲ್ಲಿ ನಾನು ಗಾರೆ ಹೊರುತ್ತಿದ್ದೆ. ನನ್ನ ಮೈದುನ ಯತ್ತಪ್ಪ ಅಲ್ಲೇ ಫಿಟ್ಟರ್ ಕೆಲಸಕ್ಕೆ ಹೊಸದಾಗಿ ಸೇರಿದ್ದ. ಅದಕ್ಕೆ ಮುಂಚೆ ಐಮಂಗಲದ ಬಯಲಿನಲ್ಲಿ ಕುರಿ ಕಾಯುವುದು ಬಿಟ್ಟು ಬೇರೇನೂ ಮಾಡಿದವನಲ್ಲ.

ಕೊಯ್ನಾದಲ್ಲಿ ಭೂಮಿ ನಡುಗಿ ವರ್ಷಗಳೇ ಕಳೆದಿದ್ದರೂ ಗಿರಣಿ ಮಾಲೀಕರ ಎದೆ ಇನ್ನೂ ನಡುಗುತ್ತಿತ್ತು. ಚಾವಣಿಯಿಂದ ತೂಗುಹಾಕಿದ್ದ ನೀರಿನ ಪೈಪು, ಗಾಳಿ ಹಾಯುವ ತಗಡಿನ ಕೊಳವೆ, ವೈರುಗಳ ತಟ್ಟೆ, ಎಲ್ಲಕ್ಕೂ ಕಬ್ಬಿಣದ ಬಳೆ ತೊಡಿಸಿ, ಎರಡೂ ಮಗ್ಗುಲಿಗೆ ಓರೆ ಪಟ್ಟಿ ಕೊಟ್ಟು ಬಿಗಿಯಬೇಕು. ನೆಲ ಅಲ್ಲಾಡಿದರೂ ಅವು ಉಯ್ಯಾಲೆಯಾಡಬಾರದು ಎಂದು ಅಪ್ಪಣೆಯಾಗಿತ್ತು. ಆ ಕೆಲಸ ಯತ್ತಪ್ಪನಿಗೆ ಬಂತು. ಬೆಂಗಳೂರಿನ ಇಂಜಿನಿಯರು ಒಪ್ಪಿದರೆ ಗಿರಣಿಯಲ್ಲೇ ಕಾಯಂ. ಇಲ್ಲದಿದ್ದರೆ ಮತ್ತೆ ಹಿಂಡಿನ ಹಿಂದೆ, ಮೇವು ಹುಡುಕಿಕೊಂಡು ಶಿವಮೊಗ್ಗದ ಕಡೆಗೆ.

ಅವನ ಹೆಂಡತಿ ಚಿತ್ತಮ್ಮ ತುಂಬು ಬಸುರಿ. ಮೊದಲ ಮಗಳು ಹುಟ್ಟಿದಾಗ ಇವನು ಹಿಂಡಿನ ಜೊತೆ ದೂರವಿದ್ದ. ಮರಳಿ ಬರುವ ಹೊತ್ತಿಗೆ ಕೂಸು ಅಂಬೆಗಾಲಿಡುತ್ತಿತ್ತು. ಅಪ್ಪನ ಮೀಸೆ ಕಂಡು ಕಿರುಚಿ ನನ್ನ ಸೆರಗು ಹಿಡಿದಿತ್ತು.

"ಅತ್ಗೆ, ಈ ಸಲ ನಾನು ಊರಾಗೇ ಇರ್ಬೇಕು. ಹುಟ್ಟಿದ ದಿನಾನೇ ಎತ್ಕಬೇಕು" ಎನ್ನುತ್ತಿದ್ದ.

ಇಂಜಿನಿಯರು ಮಧ್ಯಾಹ್ನದ ಬಸ್ಸಿಗೆ ಬರುವುದಿತ್ತು. ಬೆಳಗ್ಗೆ ಮೇಸ್ತ್ರಿ ಚಿತ್ರಲಿಂಗಪ್ಪ ದೊಡ್ಡ ಫ್ಯಾನು ಹಾಕಿಸಿ ನೋಡಿದರು. ಮೇಲಿದ್ದದ್ದೆಲ್ಲ ಗಲಗಲ ಕುಣಿಯತೊಡಗಿತು.

"ಲೇ ಯತ್ತಪ್ಪ, ಇದೇನು ಗಿರಣಿನೋ ಕುರಿ ರೊಪ್ಪನೋ? ಬಿಗಿ ಮಾಡಿಲ್ಲೇನೋ?"

"ಮಾಡಿದೀನಿ ಮೇಸ್ತ್ರಿ. ಎಲ್ಡು ಬೆರಳು ಬಿಟ್ಟು ಬಿಗಿದೀನಿ."

"ಬಿಟ್ಟು ಬಿಗಿಯಾದು ಅಂದ್ರೇನಪ್ಪ?"

"ಕುರಿ ಕೊಳ್ಳಿಗೆ ಹಗ್ಗ ಹಾಕಿದ್ರೆ ಎಲ್ಡು ಬೆರಳು ಸಡಿಲ ಇರ್ಬೇಕಲ್ರಿ. ಇಲ್ದಿದ್ರೆ ಉಸಿರು ಕಟ್ತೈತೆ."

"ಪೈಪಿಗಲ್ಲ ಕಣೋ, ನಂಗೆ ಕಟ್ತೈತೆ ಉಸಿರು! ಹತ್ತು ಏಣಿ!"

ಯತ್ತಪ್ಪನ ಮುಖ ಬಾಡಿತು. ನಾನೂ ನನ್ನ ಜೊತೆಗಾತಿ ದುರುಗಕ್ಕನೂ ಬಾಂಡಲಿ ಕೆಳಗಿಟ್ಟು ಏಣಿ ಹಿಡಿದೆವು. ಅವನು ಸ್ಪಾನರ್ ತಿರುಗಿಸುವನು. ಎರಡು ಬೆರಳಿನ ಸಂದು ಉಳಿದಾಗ ಕೈ ತಾನೇ ನಿಲ್ಲುವುದು. ಹುಟ್ಟಿದಾಗಿನಿಂದ ಕಲಿತ ಕೈ.

"ಹಿಚುಕೋ ಕೊಳ್ಳು! ನಿಂಗೇನು ಪಾಪ ಬರಲ್ಲ!" ಎಂದು ದುರುಗಕ್ಕ ಕೂಗಿದಳು.

ಅವನು ಕಣ್ಣು ಮುಚ್ಚಿಕೊಂಡು ತಿರುಗಿಸಿದ. ಆಮೇಲೆ ಒಂದೊಂದು ಬಳೆಗೂ ನಾವು ಕೆಳಗಿಂದ "ಹಿಚುಕೋ" ಎನ್ನುವುದು, ಅವನು ಮೇಲೆ ಕಣ್ಣು ಮುಚ್ಚುವುದು. ಮೇಸ್ತ್ರಿಯೂ ನಕ್ಕುಬಿಟ್ಟರು.

ಮೂಲೆಯ ಒಂದು ಬಳೆ ಉಳಿದಿರುವಾಗಲೇ ಇಂಜಿನಿಯರು ಬಂದರು. ದಪ್ಪನೆಯ ಮನುಷ್ಯ. ಸೀದಾ ಏಣಿ ಹತ್ತಿ ಪೈಪನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಅಲುಗಲಿಲ್ಲ. ಅಲ್ಲಲ್ಲಿ ಹೀಗೇ ನೋಡುತ್ತಾ ಮೂಲೆಗೆ ಬಂದು ಅಲ್ಲೂ ಏಣಿ ಹತ್ತಿದರು. ಮೇಸ್ತ್ರಿ, ಸುಮ್ಮನಿರು ಎಂದು ಯತ್ತಪ್ಪನಿಗೆ ಕಣ್ಸನ್ನೆ ಮಾಡಿದರು.

"ಸಾಹೇಬ್ರೆ, ಅದುನ್ನ ಹಿಡಿಬ್ಯಾಡ್ರಿ, ಬಿದ್ದೀರಿ!" ಎಂದ ಯತ್ತಪ್ಪ. "ಅದಿನ್ನೂ ಸಡಿಲ ಐತೆ."

ಯಾಕೆಂದು ಅವರು ಕೇಳಿದರು. ಇವನು ಕುರಿಯ ಕೊಳ್ಳಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಇಂಜಿನಿಯರು ಏಣಿಯ ಮೇಲೇ ಕುಳಿತು ಹೊಟ್ಟೆ ಕುಲುಕಿಸಿ ನಕ್ಕರು.

"ಅದನ್ನೂ ಬಿಗಿ. ನಾನು ಟೀ ಕುಡಿದು ಬರ್ತೀನಿ" ಎಂದು ಇಳಿದು, ಮೇಸ್ತ್ರಿಯ ಕಡೆ ತಿರುಗಿದರು. "ಇವನನ್ನ ಇಲ್ಲೇ ಇಟ್ಕೊಳ್ಳಿ. ಎಲ್ಲಿ ಸಡಿಲ ಇದೆ ಅಂತ ಇವನಾದ್ರೂ ಹೇಳ್ತಾನೆ."

ಮುಂದಿನ ತಿಂಗಳು ಚಿತ್ತಮ್ಮ ಹಿರಿಯೂರಿನ ಆಸ್ಪತ್ರೆಯಲ್ಲಿ ಗಂಡು ಹೆತ್ತಳು. ಯತ್ತಪ್ಪ ಗಿರಣಿಯಿಂದ ಓಡಿ ಬಂದ. ಎರಡೂ ಅಂಗೈಗೆ ಕಪ್ಪು ಗ್ರೀಸು. ನರ್ಸ್ ಜಯಕ್ಕ ಕೂಸು ಕೊಡಲೊಲ್ಲಳು. ಬೂದಿ ಹಾಕಿ ತಿಕ್ಕಿದ, ಹುಣಸೆಹಣ್ಣು ಹಾಕಿ ತಿಕ್ಕಿದ, ಗ್ರೀಸು ಜಪ್ಪಯ್ಯ ಅನ್ನಲಿಲ್ಲ.

"ನಾಳೆ ಎತ್ಕಳ್ಳಪ್ಪ, ಕೂಸೇನು ಓಡೋಗಲ್ಲ" ಎಂದಳು ಜಯಕ್ಕ.

"ಇಲ್ಲ ಕಣಕ್ಕ, ಇವತ್ತೇ" ಎಂದು ಅವನು ಅಂಗೈಗಳನ್ನು ದೂರ ಹಿಡಿದು ಮೊಣಕೈ ಎರಡನ್ನೂ ಮುಂದೆ ಚಾಚಿದ. "ಇದ್ರ ಮ್ಯಾಲೆ ಇಡ್ರಿ."

ಜಯಕ್ಕ ಗೊಣಗುತ್ತಾ ಇಟ್ಟಳು. ಕೂಸು ಒಮ್ಮೆ ಆಕಳಿಸಿ ಮಲಗಿತು. ಅದು ಏಳುವವರೆಗೂ ಯತ್ತಪ್ಪ ಹಾಗೆಯೇ ನಿಂತಿದ್ದ.