ಎರಡೂ ಕಾಲಲ್ಲಿ ಬೂಟು

ಗಾಜಿನ ಮೇಲೆ ಯಾರದೋ ಬೆರಳಿನ ಗುರುತು ಉಳಿದಿದೆ, ಭಜಿ ತಿಂದ ಎಣ್ಣೆಗೈಯೇ ಇರಬೇಕು, ಅದರ ಹಿಂದೆ, ಅಷ್ಟು ಕೆಳಗೆ, ಹದಿನೇಳನೆಯ ನಂಬರಿನ ಅಂಗಿ ಓಡಾಡುತ್ತಿದೆ, ಕೈನಾತ ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿದರೆ ಅಂಗಿ ಆ ಗುರುತಿನ ಹಿಂದೆ ಮಾಯ, ಬಲಕ್ಕೆ ವಾಲಿಸಿದರೆ ಮತ್ತೆ ಹಾಜರ್ — ಇಷ್ಟು ಸುಲಭವಿದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಆಟ ಮುಗಿಯುವ ತನಕ ಅಣ್ಣನನ್ನು ಈ ಎಣ್ಣೆಕಲೆಯ ಹಿಂದೆ ಬಚ್ಚಿಟ್ಟುಕೊಂಡು, ಆಮೇಲೆ ಕರ್ಚೀಫಿನಿಂದ ಒರೆಸಿ ಹೊರಗೆ ತೆಗೆದು, ಖಾನಾಪುರದ ಬಸ್ಸು ಹತ್ತಿಸಿ ಮನೆಗೆ ಕರೆದೊಯ್ಯಬಹುದಿತ್ತು. ಆದರೆ ಚೆಂಡು ಮೇಲೆದ್ದಿದೆ, ಗೋವಾದ ಗೋಲ್‌ಕೀಪರ್ ಬೀಸಿ ಒದ್ದ ಚೆಂಡು, ಇಳಿಯುತ್ತಿದೆ, ಅದರ ಕೆಳಗೆ ಅಜೀಮ, ಅವನ ಪಕ್ಕದಲ್ಲಿ ಇನ್ನೊಂದು ತಲೆ, ಎದೆಗೆ ತಗೊ ಭಾಯ್, ತಲೆಗೆ ಬ್ಯಾಡ, ಎದೆಗೆ, ಎದೆಗೆ — ತಲೆಗೇ ಕೊಟ್ಟ. ಏನೂ ಆಗಲಿಲ್ಲ, ಓಡುತ್ತಿದ್ದಾನೆ, ಅವಳ ಬಾಯಿಂದ ಮಾತ್ರ ಒಂದು ಸಣ್ಣ ಸದ್ದು ಹೊರಬಿತ್ತು, ಪಕ್ಕದ ಕುರ್ಚಿಯ ದುಂಡಪ್ಪ ಸರ್ ಕನ್ನಡಕದ ಮೇಲಿಂದ ನೋಡಿದರು, ಏ ತಂಗಿ, ಇಲ್ಲಿ ಕುಂತವರಿಗಿ ತಂಡ ಅನ್ನೂದ ಇರಂಗಿಲ್ಲ, ಚಪ್ಪಾಳಿ ಇಲ್ಲ, ಅಯ್ಯೋ ಅನ್ನೂದಿಲ್ಲ, ಬರೇ ಕಣ್ಣು ಮತ್ತ ಕೈ. ಮೂವತ್ತು ವರ್ಷ ಪತ್ರಿಕೆಗೆ ಆಟದ ವರದಿ ಬರೆದವರು, ಕಾಲೇಜಿನಿಂದ ಒಂದು ತಿಂಗಳ ತರಬೇತಿಗೆ ಬಂದ ಹುಡುಗಿಗೆ ಪತ್ರಕರ್ತರ ಈ ಕೋಣೆಗೆ ಪಾಸು ಕೊಡಿಸಿದವರು, ಕೊಡಿಸುವ ಮೊದಲು ಒಂದೇ ಮಾತು ಕೇಳಿದ್ದರು, ತಂಡದಾಗ ನಿಮ್ಮ ಪೈಕಿ ಯಾರರೆ ಅದಾರೇನು, ಇದ್ರ ಈಗ ಹೇಳಿಬಿಡು, ಬ್ಯಾರೆ ಮ್ಯಾಚಿಗಿ ಕಳಸ್ತೀನಿ. ಇಲ್ರೀ ಸರ್ ಎಂದಿದ್ದಳು. ಅದು ಮೊದಲನೆಯ ಸುಳ್ಳು, ಇವತ್ತು ಬೆಳಿಗ್ಗೆ ಪತ್ರಿಕೆಯಲ್ಲಿ ಬಂದದ್ದು ಎರಡನೆಯದು — ಆತಿಥೇಯ ತಂಡದಲ್ಲಿ ಯಾರಿಗೂ ಗಾಯದ ಸಮಸ್ಯೆಯಿಲ್ಲ — ಜೀವನದಲ್ಲಿ ಅಚ್ಚಾದ ಅವಳ ಮೊದಲ ವಾಕ್ಯ, ಮಹಾಂತೇಶ ನಗರದ ರೂಮಿನಲ್ಲಿ ಗೆಳತಿ ಸಿಮ್ರನ ಕತ್ತರಿಸಿ ಗೋಡೆಗೆ ಅಂಟಿಸಿದ್ದಾಳೆ, ಪಾಪ.

ಭಾನುವಾರ ಗಾಜಿರಲಿಲ್ಲ, ಅದಕ್ಕೇ ಸದ್ದು ಕೇಳಿಸಿತು. ಖಾನಾಪುರದ ಮೈದಾನ, ಕೆಂಪು ಮಣ್ಣು, ಅಲ್ಲಲ್ಲಿ ಹುಲ್ಲು, ಹಂಚಿನ ಭಟ್ಟಿಯ ಹೊಗೆ, ಏಳೇಳು ಮಂದಿಯ ಪಂದ್ಯ, ಮೈಕಿನಲ್ಲಿ ಒಂದು ಮಾತು ಮರಾಠಿ ಒಂದು ಮಾತು ಕನ್ನಡ, ಅಜೀಮನ ಮೈಮೇಲೆ ಖಲೀಲನ ಅಂಗಿ. ಕ್ಲಬ್ಬಿನ ಕರಾರಿನ ಕಾಗದದಲ್ಲಿ ಹೊರಗೆಲ್ಲೂ ಆಡಕೂಡದೆಂದು ಬರೆದಿರುತ್ತದೆ, ಆದರೂ ಊರಿನ ಪಂದ್ಯ ಬಂತೆಂದರೆ ಇವರ ಕಾಲು ಕೇಳುವುದಿಲ್ಲ, ಗೆಳೆಯನ ಅಂಗಿ ತೊಟ್ಟು, ಗೆಳೆಯನ ಹೆಸರಿನಲ್ಲಿ ಹತ್ತು ನಿಮಿಷ ಆಡಿ ಹೋಗುತ್ತಾರೆ, ಇಡೀ ಊರಿಗೆ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಈ ಸಲ ಅವನ ಕಾಲಿನದೇನೂ ತಪ್ಪಿಲ್ಲ, ಬರುವುದಿಲ್ಲ ಎಂದೇ ಅಂದಿದ್ದ, ಫೋನು ಮಾಡಿ ಕರೆಸಿದವಳು ಅವಳು, ಕಾಲೇಜಿಗೆ ವಿಡಿಯೋ ಮಾಡ್ಬೇಕು ಭಾಯ್, ಖಾನಾಪುರದ ಫುಟ್‌ಬಾಲ್ ಅಂತ, ನೀ ಇಲ್ಲಂದ್ರ ಯಾರ ನೋಡ್ತಾರ, ಹತ್ತ ನಿಮಿಷ ಆಡಿ ಹೋಗು. ಒಂಬತ್ತನೆಯ ನಿಮಿಷಕ್ಕೆ ಚೆಂಡು ಮೇಲೆದ್ದಿತು, ಎರಡು ತಲೆ ಮೇಲೆದ್ದವು, ಹಂಚಿಗೆ ಹಂಚು ತಾಗಿದ ಸದ್ದು. ಮೈಕಿನವನು ಖಲೀಲ್ ಪಡ್ಲಾ, ಖಲೀಲ ಬಿದ್ದಾನ್ರೀ, ನೀರ ತರ್ರಿ ಎಂದು ಕೂಗುತ್ತಿದ್ದಾನೆ, ಖರೇ ಖಲೀಲ ಬನಿಯನ್ನಿನಲ್ಲಿ ಅವಳ ಪಕ್ಕದಲ್ಲೇ ನಿಂತಿದ್ದಾನೆ, ಅಜೀಮ ಎದ್ದ, ಎಲ್ಲರೂ ಚಪ್ಪಾಳೆ ಹೊಡೆದರು, ಎದ್ದವನು ಚೆಂಡಿಗೆ ಬೆನ್ನು ಮಾಡಿ ಬಗ್ಗಿ ಹುಲ್ಲಿನಲ್ಲಿ ಕೈಯಾಡಿಸತೊಡಗಿದ. ಏನ ಹುಡಕ್ತಿ ಭಾಯ್ ಎಂದು ಗೆರೆಯ ಆಚೆಯಿಂದ ಕೂಗಿದಳು. ಬೂಟು, ಕೈನು, ಒಂದ ಬೂಟು ಬಿಚ್ಚಿ ಬಿದ್ದೈತಿ, ಇಲ್ಲೇ ಎಲ್ಲೋ ಇರಬೇಕ ನೋಡ. ಎರಡೂ ಕಾಲಲ್ಲಿ ಬೂಟು ಇದ್ದವು, ಲೇಸಿಗೆ ಎರಡೆರಡು ಗಂಟು. ಚೇಷ್ಟೆ ಮಾಡುತ್ತಿದ್ದಾನೆಂದು ಖಲೀಲ ನಕ್ಕ, ಅವಳೂ ನಕ್ಕಳು, ವಿಡಿಯೋದಲ್ಲಿ ಅವಳ ನಗು ಇದೆ, ರೂಮಿನಲ್ಲಿ ಒಬ್ಬಳೇ ಕೂತು ಎಷ್ಟು ಸಲ ಕೇಳಿದ್ದಾಳೋ, ಎಷ್ಟು ಅಸಹ್ಯದ ನಗು ಅದು. ಆಮೇಲೆ ಮಲಪ್ರಭೆಯ ದಂಡೆಯಲ್ಲಿ ವಾಂತಿ ಮಾಡಿಕೊಂಡ, ಬಾಯಿ ತೊಳೆದುಕೊಂಡ, ಅಮ್ಮೀಕು ನಕ್ಕೋ ಬೋಲ್ ಎಂದ, ಅಮ್ಮಿಗೆ ಹೇಳಬೇಡ, ಡಾಕ್ಟರಿಗಂತೂ ಬೇಡವೇ ಬೇಡ, ಕದ್ದು ಆಡಿದ್ದು ಗೊತ್ತಾದರೆ ಅವತ್ತೇ ಮನೆಗೆ ಕಳಿಸುತ್ತಾರೆ, ಶನಿವಾರ ಒಂದು ಮ್ಯಾಚು ಚೆನ್ನಾಗಿ ಆಡಿಬಿಟ್ಟರೆ ಎರಡು ವರ್ಷದ ಕಾಗದಕ್ಕೆ ಸಹಿ, ಒಂದೇ ಮ್ಯಾಚು ಕೈನು, ಅಮ್ಮಿಯ ಆಣೆ ಮಾಡು. ಮಾಡಿದಳು. ಅವತ್ತು ಫೋನಿನಲ್ಲಿ ಹುಡುಕಿ ಓದಿದಳು, ತಲೆಗೆ ಒಂದು ಏಟು ಬಿದ್ದು ಅದು ವಾಸಿಯಾಗುವ ಮೊದಲೇ ಇನ್ನೊಂದು ಬಿದ್ದರೆ ಮಿದುಳು ಊದಿಕೊಳ್ಳಬಹುದು, ಮನುಷ್ಯ ಉಳಿಯದೆಯೂ ಹೋಗಬಹುದು. ಫೋನು ಮಗುಚಿಟ್ಟು ಊಟಕ್ಕೆ ಹೋದಳು, ಅವತ್ತು ಅನ್ನ ಸಾರು ಇತ್ತು.

ಸೀಟಿ, ಅರ್ಧ ಆಟ ಮುಗಿಯಿತು, ಸೊನ್ನೆ ಸೊನ್ನೆ. ಚಹಾದ ಥರ್ಮಾಸು ಬಂದಿದೆ, ಕೋಣೆಯಲ್ಲಿ ಎಲ್ಲರೂ ಒಮ್ಮೆಗೇ ಮನುಷ್ಯರಾಗಿ ಮಾತಾಡುತ್ತಿದ್ದಾರೆ, ಮೆಟ್ಟಿಲು ಹತ್ತಿ ತಂಡದ ಡಾಕ್ಟರು ಬಂದರು, ಚಹಾಕ್ಕಲ್ಲ, ನೇರ ಅವಳ ಕುರ್ಚಿಗೆ. ನೀ ಖಾನಾಪುರದಾಕಿ ಅಲ್ಲೇನವಾ, ದುಂಡಪ್ಪನವರು ಹೇಳಿದ್ರು. ಹೌದ್ರೀ. ಹದಿನೇಳ ನಂಬರಿನ ಹುಡುಗ ಗುರುವಾರ ಪ್ರಾಕ್ಟೀಸಿನಾಗ ವಾಂತಿ ಮಾಡ್ಕೊಂಡ, ಹೊಟ್ಟಿ ಕೆಟ್ಟೈತ್ರಿ ಅಂದ, ಈಗ ಒಳಗ ಲೈಟ್ ಬಂದ ಮಾಡ್ರಿ, ಕಣ್ಣಿಗಿ ಹೊಡೀತೈತಿ ಅಂತಾನ, ಭಾನುವಾರ ಅಂವ ನಿಮ್ಮೂರಾಗ ಆಡಿದಾ ಅಂತ ಸುದ್ದಿ, ನಿನಗೇನರೆ ಗೊತ್ತೇನು, ಖರೇ ಹೇಳು, ಈಗಿಂದೀಗ ಹೊರಗ ಕುಂದರಸ್ತೀನಿ. ಒಳ್ಳೆಯ ಮುಖ, ದಣಿದ ಮುಖ, ಹೌದು ಎಂಬ ಒಂದೇ ಮಾತು ಸಾಕಿತ್ತು, ಹೌ ಎಂದರೂ ಸಾಕಿತ್ತು, ನಾಲಗೆಯ ತುದಿಯವರೆಗೆ ಬಂದಿತ್ತು — ಅಮ್ಮಿಯ ಆಣೆ, ಎರಡು ವರ್ಷದ ಕಾಗದ, ನೀನೇ ಕರೆಸಿದ್ದು ಎಂದು ಮುಂದೊಂದು ದಿನ ಅಣ್ಣ ನೋಡುವ ನೋಟ, ಸುಳ್ಳು ಹೇಳಿ ಪಾಸು ತಗೊಂಡ್ಯಾ ತಂಗಿ ಎಂದು ದುಂಡಪ್ಪ ಸರ್ ನೋಡುವ ನೋಟ — ಇಲ್ರೀ ಸರ್ ಎಂದಳು, ಅಷ್ಟಕ್ಕೇ ನಿಲ್ಲಿಸಬಾರದೇ, ಇಲ್ಲ, ಜಾಣೆ, ಭಾನುವಾರ ನಾ ಅಲ್ಲೇ ಇದ್ನಿರೀ, ವಿಡಿಯೋ ಮಾಡಾಕ ಹೋಗಿದ್ದೆ, ಆಡಿದಾಂವ ಖಲೀಲ ಅಂತ, ಮಂದಿ ಅದಲ ಬದಲ ಮಾಡ್ಕೊಂಡಾರ. ಹೆಸರನ್ನು ಎರಡು ಸಲ ಖಾತ್ರಿ ಮಾಡಿಕೊಳ್ಳಬೇಕು ಎಂದು ಕಾಲೇಜಿನಲ್ಲಿ ಮೊದಲ ದಿನವೇ ಹೇಳಿಕೊಟ್ಟಿದ್ದರು, ಖಾತ್ರಿ ಮಾಡಿಕೊಂಡವಳ ಧಾಟಿಯಲ್ಲೇ ಹೇಳಿದಳು, ಡಾಕ್ಟರ ಮುಖ ಸಡಿಲವಾಯಿತು, ಛಲೋ ಆತು ಬಿಡವಾ, ಏನರೆ ಇದ್ರ ಫೋನ್ ಮಾಡು ಎಂದು ತಮ್ಮ ಕಾರ್ಡು ಕೊಟ್ಟು ಇಳಿದುಹೋದರು. ದುಂಡಪ್ಪ ಸರ್ ಅವಳ ಲೋಟಕ್ಕೆ ಚಹಾ ಬಗ್ಗಿಸಿದರು, ಸಕ್ಕರೆ ಜಾಸ್ತಿಯಾಗಿತ್ತು.

ಮತ್ತೆ ಆಟ ಶುರುವಾಗಿದೆ, ಆಚೆ ಗ್ಯಾಲರಿಯಲ್ಲಿ ಹಳದಿ ಓಢಣಿ, ಅಮ್ಮಿ, ರಾಜಬೀ, ಬೆಳಗಿನ ಗಾಡಿಗೆ ಖಾನಾಪುರದಿಂದ ಡಬ್ಬಿ ಕಟ್ಟಿಕೊಂಡು ಬಂದಿದ್ದಾಳೆ, ಮಗ ಟಿಕೇಟಿನ ಆಟ ಆಡುವುದನ್ನು ಮೊದಲ ಸಲ ನೋಡುತ್ತಿದ್ದಾಳೆ, ಚೆಂಡು ಎಲ್ಲಿದ್ದರೂ ಅವಳ ಮುಖ ಹದಿನೇಳರ ಕಡೆಗೇ, ಆಗೀಗ ಗಾಜಿನ ಕೋಣೆಯ ಕಡೆಗೂ ಕೈ ಬೀಸುತ್ತಾಳೆ, ಮಗಳು ಇಂಗ್ಲಿಷ್ ಪೇಪರಿನವರ ಬಾಜು ಕೂತಿದ್ದಾಳೆಂದು ಸುತ್ತಲಿನವರಿಗೆ ಹೇಳಿರುತ್ತಾಳೆ, ಹೇಳದೆ ಇರುವಳೇ, ಕೈನಾತ ತಿರುಗಿ ಕೈ ಬೀಸುವಂತಿಲ್ಲ. ಬರಿ, ತಂಗಿ, ಬರಿ, ಎಪ್ಪತ್ತನೇ ನಿಮಿಷಕ್ಕ ವರದಿ ತಯಾರ ಇರಬೇಕು, ಗೋಲ ಹೊಡದಾವನ ಹೆಸರಿಗಿ ಅಷ್ಟ ಜಾಗಾ ಬಿಡು, ಸೀಟಿ ಆದ ಕೂಡಲೇ ತುಂಬಿ ಕಳಿಸಿಬಿಡೂದು, ಆಟ ನಮಗ ಕಾಯಂಗಿಲ್ಲ, ಪೇಪರೂ ಕಾಯಂಗಿಲ್ಲ. ಬರೆಯುತ್ತಿದ್ದಾಳೆ, ಪಂದ್ಯದ ಕೊನೆಯ ಹಂತದಲ್ಲಿ, ಖಾಲಿ ಜಾಗ, ಗಳಿಸಿದ ಏಕೈಕ ಗೋಲಿನಿಂದ — ಅಜೀಮ ಚೆಂಡನ್ನು ಎದುರಾಳಿಯ ಕಾಲಿಗೇ ಕೊಟ್ಟ, ಗ್ಯಾಲರಿ ಹೋ ಎಂದು ಬೈಯಿತು, ಬಿಸಿಲು ಬೆನ್ನಿಗಿದ್ದರೂ ಹುಬ್ಬಿಗೆ ಕೈ ಅಡ್ಡ ಹಿಡಿದಿದ್ದಾನೆ, ನಿಮ್ಮೂರ ಹುಡುಗ ಇವತ್ತ ನಿದ್ದಿಗಣ್ಣಾಗ ಆಡಾಕ ಹತ್ತ್ಯಾನ ನೋಡವಾ ಎಂದು ದುಂಡಪ್ಪ ಸರ್ ನಕ್ಕರು. ಮೇಜಿನ ಕೆಳಗೆ ಫೋನು, ಕಾರ್ಡಿನ ನಂಬರು, ಸರ್, ಭಾನುವಾರ ಆಡಿದ್ದು ಖಲೀಲ ಅಲ್ಲ — ಅಳಿಸಿದಳು. ಮತ್ತೆ ಬರೆದಳು, ಹೆಬ್ಬೆರಳು ಕಳಿಸುವ ಗುಂಡಿಯ ಮೇಲೆ, ಇನ್ನು ಹನ್ನೆರಡೇ ನಿಮಿಷ, ಹನ್ನೊಂದು, ಅಷ್ಟರಲ್ಲಿ ಏನಾಗುತ್ತದೆ, ಏನೂ ಆಗುವುದಿಲ್ಲ, ಆರು ದಿನ ಏನೂ ಆಗಿಲ್ಲ, ಚೆಂಡು ಮೇಲೆ ಏಳದಿದ್ದರೆ ಸಾಕು, ಯಾ ಅಲ್ಲಾ, ಚೆಂಡು ನೆಲದಲ್ಲೇ ಉರುಳಲಿ, ಎಂಟು, ಏಳು, ಈಗ ಕಳಿಸಿದರೆ ಎಲ್ಲ ಕೆಡಿಸಿದ ಹಾಗೆ, ಆರು.

ಕಾರ್ನರ್. ಎಲ್ಲರೂ ಗೋಲಿನ ಮುಂದೆ ಒತ್ತೊತ್ತಾಗಿ ನಿಂತಿದ್ದಾರೆ, ಚೆಂಡು ಎದ್ದಿತು, ಬಿಸಿಲಿನಲ್ಲಿ ಒಂದು ಕ್ಷಣ ಕಾಣಲಿಲ್ಲ, ಹದಿನೇಳು ಎಲ್ಲರಿಗಿಂತ ಮೇಲೆ, ಎಷ್ಟು ಚಂದ ಹಾರುತ್ತಾನೆ ಇವನು, ಚಿಕ್ಕಂದಿನಿಂದಲೂ ಹಾಗೆಯೇ, ಪಕ್ಕದಲ್ಲಿ ಇನ್ನೊಂದು ತಲೆ, ಚೆಂಡು ಬಲೆಯಲ್ಲಿ — ಗಾಜಿನ ಈಚೆಗೆ ಸದ್ದು ಬರಲಿಲ್ಲ, ಆದರೆ ಹಂಚಿಗೆ ಹಂಚು ತಾಗಿದ್ದು ಕೈನಾತಳ ಹಲ್ಲಿಗೆ ಗೊತ್ತಾಯಿತು. ಗ್ಯಾಲರಿಗೆ ಗ್ಯಾಲರಿಯೇ ಎದ್ದಿದೆ, ಹಳದಿ ಓಢಣಿ ಎದ್ದಿದೆ, ಕೋಣೆಯಲ್ಲಿ ಯಾರ ಬಾಯಿಯೂ ತೆರೆಯಲಿಲ್ಲ, ಬೆರಳುಗಳ ಟಕಟಕ ಅಷ್ಟೇ, ಕೆಳಗೆ ಹುಡುಗರೆಲ್ಲ ಅಜೀಮನ ಮೇಲೆ ಬಿದ್ದಿದ್ದಾರೆ, ರಾಶಿ, ರಾಶಿ ಏಳುತ್ತಿದೆ, ಒಬ್ಬೊಬ್ಬರೇ ಬೆನ್ನು ತಟ್ಟಿ ಹಿಂದೆ ಓಡುತ್ತಿದ್ದಾರೆ, ಅವನೂ ಏಳುತ್ತಾನೆ, ಈಗ ಏಳುತ್ತಾನೆ, ಮಂಡಿಯೂರಿದ್ದಾನೆ, ತಲೆ ಬಗ್ಗಿಸಿದ, ಇನ್ನೂ ಬಗ್ಗಿಸಿದ, ಹಣೆ ನೆಲದ ಹತ್ತಿರ ಬಂತು. ಗ್ಯಾಲರಿಯ ಗದ್ದಲ ಇಳಿಯಿತು, ರೆಫರಿ ಅವಸರ ಮಾಡದೆ ದೂರದಲ್ಲೇ ನಿಂತ, ಫೋಟೋದವರು ಗೆರೆಯ ಉದ್ದಕ್ಕೂ ಓಡಿ ಬಂದು ಕೂತರು, ಅಮ್ಮಿ ಓಢಣಿಯನ್ನು ತಲೆಯ ಮೇಲೆಳೆದುಕೊಂಡು ಎರಡೂ ಕೈ ಎತ್ತಿ ದುವಾ ಮಾಡುತ್ತಿದ್ದಾಳೆ, ಮಗ ಸಜ್ದಾ ಮಾಡಿದನೆಂದು, ದೇವರನ್ನು ಮರೆಯಲಿಲ್ಲವೆಂದು. ಬರಿ ತಂಗಿ, ದುಂಡಪ್ಪ ಸರ್ ದನಿ ಮೆತ್ತಗಾಗಿದೆ, ಹೆಸರ ತುಂಬು, ಗೋಲು ಗಳಿಸಿದ ಅಜೀಮ ನೆಲಕ್ಕೆ ಹಣೆ ಹಚ್ಚಿ ಕೃತಜ್ಞತೆ ಸಲ್ಲಿಸಿದ ಅಂತ ಬರಿ. ಹೆಬ್ಬೆರಳು ಒತ್ತಿತು, ಮೆಸೇಜು ಹೋಯಿತು, ಅಲ್ಲಿ ಕೆಳಗೆ ಡಾಕ್ಟರು ಕೋಚನ್ನು ತಬ್ಬಿಕೊಂಡು ಕುಣಿಯುತ್ತಿದ್ದಾರೆ, ಅವರ ಚೀಲ ಬೆಂಚಿನ ಮೇಲಿದೆ, ಕೈನಾತ ಎದ್ದಿದ್ದಾಳೆ, ಕುರ್ಚಿ ಬಿದ್ದಿದೆ, ಅಂವ ನಮ್ಮಣ್ಣ ರೀ, ಸರ್, ಸಜ್ದಾ ಅಲ್ಲ ರೀ ಅದು, ಯಾರರೆ ಹೋಗ್ರಿ ಅವನ ಹಂತೇಕ, ಎರಡೂ ಅಂಗೈಯಲ್ಲಿ ಗಾಜು ಬಡಿಯುತ್ತಿದ್ದಾಳೆ, ದಪ್ಪ ಗಾಜು, ಆಚೆ ಯಾರೂ ತಿರುಗುವುದಿಲ್ಲ, ಅಮ್ಮಿ ಮಾತ್ರ ತಿರುಗಿದಳು, ಮಗಳ ಎರಡೂ ಕೈ ನೋಡಿದಳು, ಖುಷಿಯಿಂದ ತಾನೂ ಕೈ ಬೀಸಿದಳು, ಎಣ್ಣೆಯ ಗುರುತು ಅಂಗೈಗೆ ಹತ್ತಿ ಅಳಿಸಿಹೋಗಿದೆ, ಈಗ ಎಲ್ಲ ಸ್ವಚ್ಛ ಕಾಣುತ್ತದೆ, ಹಣೆ ನೆಲಕ್ಕೆ ತಾಗಿಲ್ಲ, ಬಲಗೈ ಹುಲ್ಲು ಸವರುತ್ತಿದೆ, ಒಂದು ಗೇಣು ಆಚೆ, ಒಂದು ಗೇಣು ಈಚೆ, ಮೆಲ್ಲಗೆ, ಏನೋ ಇಲ್ಲೇ ಎಲ್ಲೋ ಬಿದ್ದಿರುವ ಹಾಗೆ, ಎರಡೂ ಕಾಲಲ್ಲಿ ಬೂಟು, ಲೇಸಿಗೆ ಎರಡೆರಡು ಗಂಟು, ಹುಲ್ಲಿನಲ್ಲಿ ಕೈ, ಎರಡೂ ಕಾಲಲ್ಲಿ ಬೂಟು, ಹುಲ್ಲಿನಲ್ಲಿ ಕೈ ನಿಂತಿತು.