ರಾಮವ್ವ ಎಲ್ಲಿ ಕೂಡಬೇಕು

ತುಂಗಭದ್ರೆಯ ನೀರು ಕದಲದ ಮಧ್ಯಾಹ್ನಗಳಲ್ಲಿ ದಂಡೆಯ ಊರು ಹಮ್ಮಿಗಿ ನಿದ್ದೆಯಲ್ಲೇ ಮಾತಾಡುತ್ತಿರುವಂತೆ ಕೇಳಿಸುತ್ತದೆ. ಅಂಥದೊಂದು ಮಧ್ಯಾಹ್ನ ರೋಜಾ ಹೊಳೆದಂಡೆಯಲ್ಲಿ ಆಯಿಯ ಪಕ್ಕ ಕೂತು ಸುದ್ದಿ ಹೇಳಿದಳು. ಗದಗಿನಲ್ಲಿ ಸ್ಟ್ಯಾಂಡ್-ಅಪ್ ಕಾಮಿಡಿಯ ಚಿತ್ರೀಕರಣ. ಬೇರೆ ಬೇರೆ ಸೀಮೆಯವರು ಒಬ್ಬೊಬ್ಬರಾಗಿ ನಿಂತು ನಗಿಸುತ್ತಾರೆ. ಹಳ್ಳಿಯ ಹೆಣ್ಣುಮಕ್ಕಳ ಪರವಾಗಿ ರೋಜಾ.

ಆಯಿ, ಅಂದರೆ ಅವಳ ಅಪ್ಪನ ತಾಯಿ ರಾಮವ್ವ, ಹಣೆಯ ವಿಭೂತಿ ಅಳಿಸದಂತೆ ಸೆರಗಿನಿಂದ ಬೆವರು ಒತ್ತಿಕೊಂಡಳು. ಮದುವೆಮನೆಗಳಲ್ಲಿ ಬೀಗಿತ್ತಿಯನ್ನು ಅಣಕಿಸಿ ಹಾಡುವುದಕ್ಕೆ ಸುತ್ತಲಿನ ಊರವರೆಲ್ಲ ಕರೆಯುತ್ತಿದ್ದುದು ಅವಳನ್ನೇ.

“ಯಾರನ್ನ ಆಡಿಕೋತಿ ಮಗಳ?”

“ನಿನ್ನ. ಹುಬ್ಬಳ್ಳಿ ಅಂಗಡ್ಯಾಗ ಗಾಜಿನ ಬಾಗಲಾ ತಾನ ತೆರೀತಲ್ಲ, ನೀ ಚಪ್ಪಲಿ ಬಿಟ್ಟು ಕೈಮುಗದಿ. ಅದನ್ನ.”

ರಾಮವ್ವ ಸಿಟ್ಟಾಗಲಿಲ್ಲ. “ಛಲೋ ಆತು. ಮತ್ತ ನಾ ಎಲ್ಲಿ ಕುಂಡ್ರಲಿ?”

ಮದುವೆಹಾಡಿನ ರೂಢಿ ರೋಜಾಳಿಗೂ ಗೊತ್ತು. ಕಂಬಳಿ ಹಾಸಿ, ಬೀಗಿತ್ತಿಯನ್ನು ಎದುರಿಗೆ ಕೂಡಿಸಿದ ಮೇಲೆಯೇ ಅಣಕದ ಹಾಡು. ಹಾಡು ಮುಗಿದಾಗ ಅವಳಿಗೆ ಎಲೆಯಡಿಕೆ ಕೊಡಬೇಕು. ಆಗ ಜವಾಬು ಹೇಳುವ ಸರದಿ ಅವಳದು. ಬೀಗಿತ್ತಿ ಬಾರದಿದ್ದರೆ ಹಾಡೇ ಇಲ್ಲ.

“ಎದುರಿಗಿಲ್ಲದವರ ಮ್ಯಾಲ ಹಾಡಿದ್ರ ಅದು ಚಾಡಿ, ಯವ್ವಾ,” ಎಂದಳು ರಾಮವ್ವ, ಮೀನೊಂದು ಮೇಲೆ ಬಂದು ಮುಳುಗಿದ್ದನ್ನು ನೋಡುತ್ತ.

ಗದಗಿನ ಸಭಾಭವನದಲ್ಲಿ ಕಾರ್ಯಕ್ರಮದ ನಿರ್ದೇಶಕ ನಂದೀಶ, ಆಯಿಯನ್ನು ಕೂಡಿಸಲು ರೋಜಾ ತಂದ ಕಂಬಳಿಯ ಸುರುಳಿ ಕಂಡು ಹುಬ್ಬೇರಿಸಿದ.

“ಆಯಿ ಎದುರಿಗಿದ್ರ ಜನಾ ನಗಂಗಿಲ್ಲ ರೋಜಾ. ಆಕಿನ್ನ ಇನ್ನೊಂದೀಟು ಪೆದ್ದಿ ಮಾಡು. ಹಳ್ಳಿ ಅಂದ್ರ ಜನಕ್ಕ ಅದ ಬೇಕು. ನಗಲಿಲ್ಲಂದ್ರ ನಿನ್ನ ಭಾಗ ತಗದಬಿಡ್ತೇನಿ ನೋಡು.”

ರೋಜಾ ಈ ಅವಕಾಶಕ್ಕಾಗಿ ವರ್ಷಗಟ್ಟಲೆ ಕಾದಿದ್ದಳು. ಆದರೂ ಕಂಬಳಿ ಬಿಚ್ಚಿದಳು. “ತಗೀರಿ. ಆಕಿ ಇಲ್ಲೇ ಕುಂಡ್ರತಾಳ.”

ದೀಪ ಹೊತ್ತಿದಾಗ ಸಭೆ ಕರಗಿ, ಕತ್ತಲ ಹೊಳೆಯಾಯಿತು. ದಂಡೆಯಲ್ಲಿ ಕೂತಂತೆ ವೇದಿಕೆಯ ಬುಡದಲ್ಲಿ ರಾಮವ್ವ. ರೋಜಾ ಅವಳಿಗೇ ಕತೆ ಹೇಳಿದಳು. ಅವಳ ನಡಿಗೆ ನಡೆದಳು, ಅವಳ ಕೆಮ್ಮು ಕೆಮ್ಮಿದಳು. ಜನ ನಕ್ಕರು. ಕತೆಯಲ್ಲಿ ಗಾಜಿನ ಬಾಗಿಲು ತೆರೆಯಿತು, ಚಪ್ಪಲಿ ಕಳಚಿತು, ಕೈಗಳು ಮುಗಿದವು. ಆಗ ಜನರ ಕಣ್ಣು ಕಂಬಳಿಯ ಮೇಲಿನ ಮುದುಕಿಯತ್ತ ಹೊರಳಿತು. ನಗೆ ನಿಂತೇಹೋಯಿತು.

ಶಿವನೇ, ಎಂದುಕೊಂಡಳು ರೋಜಾ. ಮೆಟ್ಟಿಲಿಳಿದು ಆಯಿಯ ಅಂಗೈಗೆ ಎಲೆಯಡಿಕೆ ಕೊಟ್ಟು ಅವಳ ಬಾಯಿಗೆ ಮೈಕು ಹಿಡಿದಳು.

ರಾಮವ್ವ ಎಲೆಯನ್ನು ಕಣ್ಣಿಗೊತ್ತಿಕೊಂಡಳು. ಅವಸರವಿರಲಿಲ್ಲ.

“ಕೈಮುಗದಿದ್ದು ಖರೆ ಐತ್ರಿ. ನಾ ಬರೂದು ಕಂಡು, ಕರೆಯೂಕಿಂತ ಮೊದಲ ಬಾಗಲಾ ತಗದವ್ರಿಗೆ ಮತ್ತೇನ್ ಮಾಡ್ಲಿ? ನನ್ನ ಸೊಸಿ ಒಂದ ದಿನಾ ಹಂಗ ತಗದಿಲ್ಲ.”

ಕತ್ತಲು ಒಮ್ಮೆಲೇ ನಕ್ಕಿತು. ಆ ನಗೆ ಸೂರಿನವರೆಗೆ ಏರಿ, ಪಾರಿವಾಳಗಳಂತೆ ಅಲ್ಲೇ ಸುತ್ತಿತು.

ಮುಗಿದ ಮೇಲೆ ನಂದೀಶ ಓಡಿಬಂದ. “ಆಯಿಯವರ, ಇನ್ನೊಮ್ಮಿ ಹೇಳ್ರಿ. ನೀವು ಕುಂತ ಕಡೆ ಕ್ಯಾಮೆರಾ ಇದ್ದಿದ್ದಿಲ್ಲ.”

“ಜವಾಬು ಕೊಟ್ಟಾತಪಾ. ಎಲಿನೂ ಜಗದೇನಿ.”

ರೋಜಾಳ ಭಾಗವನ್ನು ನಂದೀಶ ತೆಗೆಯಲಿಲ್ಲ. ಕಾರ್ಯಕ್ರಮ ಬಂದ ದಿನ ಹಮ್ಮಿಗಿಯ ಕಟ್ಟೆಯ ಮೇಲೆ ಹೆಂಗಸರೆಲ್ಲ ಒಂದೇ ಫೋನಿನ ಮೇಲೆ ಬಾಗಿದರು. ರಾಮವ್ವನ ದನಿ ಕೇಳಿಸಿತು, ಮುಖ ಕಾಣಲಿಲ್ಲ.

“ನಾ ಎಲ್ಲಿ?” ಎಂದಳು ರಾಮವ್ವ.

ಪರದೆಯಲ್ಲಿ ರೋಜಾ ಕೆಳಗೆ ನೋಡುತ್ತಿದ್ದಳು, ಕತೆಯುದ್ದಕ್ಕೂ, ಬೇರೆಲ್ಲೂ ನೋಡದೆ. ರೋಜಾ ತನ್ನ ಆ ಕಣ್ಣುಗಳ ಮೇಲೆ ಬೆರಳಿಟ್ಟು ತೋರಿಸಿದಳು.

“ನಾ ನೋಡಾಕತ್ತೇನಲ್ಲ ಆಯಿ, ಅಲ್ಲಿ ಕುಂತಿ.”

ರಾಮವ್ವ ಫೋನನ್ನು ಇನ್ನಷ್ಟು ಹತ್ತಿರ ತಂದಳು.

“ಕಂಬಳಿ ಸರ್ಯಾಗಿ ಹಾಸಿದ್ದಿ,” ಎಂದಳು.