ಅರ್ಧ ಮೈದಾನಕ್ಕೆ ಕುರಿ

ಎಂಥ ಸ್ಟೇಡಿಯಂ ಅಂತೀರಿ! ಎಪ್ಪತ್ತೇಳನೇ ಇಸವಿಯಲ್ಲಿ ಕಟ್ಟಿ ಮುಗಿಸಿದಾಗ ಸುತ್ತಲಿನ ಹಳ್ಳಿಯವರು ಬುತ್ತಿ ಕಟ್ಟಿಕೊಂಡು ವಿಜಾಪುರಕ್ಕೆ ಬಂದು ಅದನ್ನು ನೋಡಿ ಹೋಗುತ್ತಿದ್ದರು. ನಡುವೆ ಫುಟ್‌ಬಾಲ್ ಮೈದಾನ, ಸುತ್ತ ಓಟದ ದಾರಿ, ಒಂದು ಮೂಲೆಗೆ ಕುಸ್ತಿ ಕಣ, ಇನ್ನೊಂದಕ್ಕೆ ಕಬಡ್ಡಿ ಅಂಕಣ, ಮೂರು ಕಡೆ ಮಂದಿ ಕೂಡಲು ಸಿಮೆಂಟಿನ ಪಾವಟಿಗೆ. ಪೇಟೆಯ ಕ್ಲಬ್ಬಿರಲಿ, ಹಳ್ಳಿಯ ಕ್ಲಬ್ಬಿರಲಿ, ಎಲ್ಲರಿಗೂ ಅದೊಂದೇ.

ಕಾವಲಿಗೆ ಹೊನವಾಡದ ಕುರಿಗಾರ ಅಮೋಘಿ. ಐದು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದಿದ್ದ, ಕೊಡ ಹೊತ್ತು ನೀರುಣಿಸಿದ್ದ. ಆದರೂ ಹುಲ್ಲು ಕಾಮಾಲೆ ಬಂದವರಂತೆ ಹಳದಿ. "ಹುಲ್ಲ ಹಸರ ಆಗಲಿಲ್ಲಂದ್ರ ನಿನಗ ಈ ಕೆಲಸ ಇಲ್ಲ ನೋಡು" ಎಂದಿದ್ದರು ಸ್ಟೇಡಿಯಂ ಕಾರ್ಯದರ್ಶಿ ಶಿವಯೋಗೆಪ್ಪ. ಸಿದ್ಧೇಶ್ವರ ಗುಡಿ ಹತ್ತಿರದ ಅರಿವೆ ವ್ಯಾಪಾರಿ ಅವರು. ಹುಲ್ಲಿನ ಹೊಟ್ಟೆಗೆ ಏನು ಬೇಕೆಂದು ಅವರಿಗೇನು ಗೊತ್ತು?

ಮೊದಲ ಫುಟ್‌ಬಾಲ್ ಆಟದ ಹಿಂದಿನ ಸಂಜೆ ಅಮೋಘಿಯ ತಮ್ಮ ಭಾಗಪ್ಪ ಇನ್ನೂರು ಕುರಿ ಹೊಡೆದುಕೊಂಡು ಸ್ಟೇಡಿಯಂ ಮುಂದಿನ ದಾರಿಗೆ ಬಂದ. ಒಂದು ರಾತ್ರಿ ಕುರಿ ನಿಲ್ಲಿಸಿದರೆ ಆ ಹಿಕ್ಕೆಯ ಗೊಬ್ಬರವನ್ನು ಹೊಲ ಮೂರು ವರ್ಷ ನೆನೆಸುತ್ತದೆ. ಅದಕ್ಕೆಂದೇ ರೈತರು ಕುರಿಗಾರರ ಕೈಕಾಲು ಹಿಡಿಯುತ್ತಾರೆ. ಅಮೋಘಿ ಹಿಂದೆಮುಂದೆ ನೋಡದೆ ಗೇಟು ತೆರೆದ. ನಾಳೆ ಆಟವಿದೆಯೆಂಬ ಯೋಚನೆ ಬರಲಿಲ್ಲವೆ? ಬಂತು. ಬಂದ ಮಂದಿ ನೋಡಿ ಖುಷಿಪಡಲಿ ಎಂದೇ ಅವನ ಆಸೆ! ಅವನ ಕಣ್ಣಿಗೆ, ನೆಲಕ್ಕೆ ಹಿಕ್ಕೆಗಿಂತ ದೊಡ್ಡ ಒಡವೆ ಇಲ್ಲ.

ಮುಂಜಾನೆ ಶಿವಯೋಗೆಪ್ಪ ಬಂದು ನೋಡುತ್ತಾರೆ, ಅರ್ಧ ಮೈದಾನದ ತುಂಬ ಕರೀ ಹಿಕ್ಕೆ. ಮೈಯೆಲ್ಲ ಉರಿದುಹೋಯಿತು.

"ಲೇ ಅಮೋಘಿ! ಸ್ಟೇಡಿಯಂ ಹೋಗಿ ಕುರಿಹಟ್ಟಿ ಮಾಡೀಯಲ್ಲೋ! ಹೊನವಾಡದ ಬಸ್ ಹತ್ತು, ನಾಳಿಂದ ಬರಬ್ಯಾಡ."

ಈ ನೆಲವನ್ನು ಬಿಟ್ಟು ಹೋಗುವುದೆಂದರೆ ಅಮೋಘಿಗೆ ಕರುಳು ಕಿತ್ತಂತಾಯಿತು. ಕಂಬಳಿ ಹೆಗಲಿಗೇರಿಸಿದ.

ಅಷ್ಟರಲ್ಲಿ ಆಟಗಾರರು ಇಳಿದರು. ಒಂದು ಕಡೆ ಹೊನವಾಡ, ಇನ್ನೊಂದು ಕಡೆ ಸಾರವಾಡ, ಎಲ್ಲರೂ ಒಕ್ಕಲುತನದವರೇ. ಸಾರವಾಡದ ನಾಯಕ ಖಂಡಪ್ಪ ಬಗ್ಗಿ ಒಂದು ಹಿಡಿ ಹಿಕ್ಕೆ ತೆಗೆದು ನೋಡಿದ. ಆಮೇಲೆ ತನ್ನ ಪಾಲಿಗೆ ಬಂದ, ಹಿಕ್ಕೆಯಿಲ್ಲದ ಅರ್ಧದ ಕಡೆ ನೋಡಿದ. ಸಿಟ್ಟು ನೆತ್ತಿಗೇರಿ ಅಮೋಘಿಯ ಕಡೆ ತಿರುಗಿದ.

"ಯಾಕೋ ಯಪ್ಪಾ, ನಮ್ಮ ಕಡೀಕ ಯಾಕ ನಿಲ್ಲಸಿಲ್ಲ? ನಿಮ್ಮೂರವ್ರದಷ್ಟ ನೆಲ ಏನು?"

"ಅರ್ಧ ಆಟ ಆದ ಮ್ಯಾಲ ನೀವೂ ಇತ್ತಾಗ ಬರ್ತೀರಲ್ಲೋ!" ಎಂದು ಹೊನವಾಡದವರು ನಕ್ಕರು.

"ಆಟದ ಮಾತಲ್ಲೋ, ನೆಲದ ಮಾತು. ಒಂದ ಹೊಲದಾಗ ಅರ್ಧಕ್ಕ ಉಣ್ಣಾಕ ಹಾಕಿ ಅರ್ಧಕ್ಕ ಉಪವಾಸ ಕೆಡವತಾರೇನು?"

"ಕುರಿ ಸಾಲಲಿಲ್ಲಪ್ಪಾ" ಎಂದ ಅಮೋಘಿ, ಸಣ್ಣ ದನಿಯಲ್ಲಿ.

"ಸಾರವಾಡದಾಗ ಕುರಿಗೇನ ಬರ ಬಂದೈತಿ? ಸಂಜೀಕ ನಾವು ಕಳಸ್ತೀವಿ!"

ಪಾವಟಿಗೆಯ ಮೇಲಿನ ಮಂದಿಯೆಲ್ಲ ಚಪ್ಪಾಳೆ ಹೊಡೆದರು. ಎರಡೂ ಊರಿನವರು ಶಿವಯೋಗೆಪ್ಪನವರ ಮುಖವನ್ನೇ ನೋಡುತ್ತ ನಿಂತರು. ಸಾಹುಕಾರರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು.

"ಲೇ ಅಮೋಘಿ, ಸಂಜೀಕ ಕುರಿ ಬಂದ್ರ ಪಾವಟಿಗಿ ಮ್ಯಾಲ ಹತ್ತಗೊಡಬ್ಯಾಡ. ಸಿಮೆಂಟ ಹೊಸಾದು."

"ಹತ್ತಗೊಡೂದಿಲ್ರಿ ಸಾವ್ಕಾರ್ರ" ಎನ್ನುವಷ್ಟರಲ್ಲಿ ಅಮೋಘಿಗೆ ಅಳು ತಡೆಯಲಾಗಲಿಲ್ಲ.